20 ಮೈಕ್ರೋಗ್ರಾಂ ಇದ್ದಿಲು, ಮಿಕ್ಕಿದ್ದು ನನ್ನ ಕೊಳೆ

ಚೂರು ಎಷ್ಟು ಚಿಕ್ಕದಿತ್ತೆಂದರೆ, ಶೀಶೆಯ ಮುಚ್ಚಳ ತೆಗೆಯುವಾಗ ಉಸಿರು ಬಿಗಿಹಿಡಿದಿದ್ದೆ. ಇದ್ದಿಲಿನ ಒಂದೇ ಒಂದು ಕಣ. ರೇಡಿಯೋಕಾರ್ಬನ್‌ಗೆ (ಉಳಿದಿರುವ ಕಾರ್ಬನ್-14 ಅಳೆದು ವಯಸ್ಸು ಹೇಳುವ ವಿಧಾನ) ಸಾಮಾನ್ಯವಾಗಿ ನಾವು ಕೇಳುವುದು 1 ಮಿಲಿಗ್ರಾಂ ಇಂಗಾಲ. ಇದರಲ್ಲಿ ಸಿಗುವುದು ಅದರ ಐವತ್ತನೇ ಒಂದು ಪಾಲು.

ತೊಳೆಯುವುದೇ ಮೊದಲ ಭಯ. ಆಸಿಡ್, ಕ್ಷಾರ, ಮತ್ತೆ ಆಸಿಡ್, ಇದು ರೂಢಿ. ಕ್ಷಾರದಲ್ಲಿ ಇದ್ದಿಲೇ ಕರಗತೊಡಗುತ್ತದೆ, ನೀರು ಕಂದಾಗುತ್ತದೆ. ನಾನು ತುಂಬಾ ತೆಳು ಕ್ಷಾರ ಹಾಕಿ, ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಬಣ್ಣ ಬಂದ ಕೂಡಲೇ ತೆಗೆದೆ. ಕೊನೆಯ ಆಸಿಡ್ ಮಾತ್ರ ಬಿಡುವ ಹಾಗಿಲ್ಲ. ಕ್ಷಾರ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಎಳೆದುಕೊಂಡು ಕೂತಿರುತ್ತದೆ.

ಆಮೇಲೆ ಕ್ವಾರ್ಟ್ಜ್ ಟ್ಯೂಬಿನಲ್ಲಿ ತಾಮ್ರದ ಆಕ್ಸೈಡ್ ಜೊತೆ ಸೀಲ್ ಮಾಡಿ, 900 ಡಿಗ್ರಿಯಲ್ಲಿ ಸುಡುವುದು. ಬಂದ ಅನಿಲವನ್ನು ಹೈಡ್ರೋಜನ್ ಮತ್ತು ಕಬ್ಬಿಣದ ಪುಡಿ ಸೇರಿಸಿ ಗ್ರಾಫೈಟ್ ಮಾಡುವುದು. ನಿಜವಾದ ತಲೆನೋವು ಇಲ್ಲೇ ಇದೆ: ದಾರಿಯಲ್ಲಿ ಸೇರಿಕೊಳ್ಳುವ ಹೊರಗಿನ ಇಂಗಾಲ, ಅಂದರೆ ಕೊಳೆ. ಅದೆಷ್ಟೆಂದು ತಿಳಿಯಲು ಕಾರ್ಬನ್-14 ಉಳಿದಿರದ ಕಲ್ಲಿದ್ದಲನ್ನೂ ಹೀಗೇ ಸುಡುತ್ತೇವೆ. 1 ಮೈಕ್ರೋಗ್ರಾಂ ಹೊಸ ಇಂಗಾಲ 1 ಮಿಲಿಗ್ರಾಂ ಕಲ್ಲಿದ್ದಲಿಗೆ ಸೇರಿದರೆ ಅದು 55 ಸಾವಿರ ವರ್ಷ ಹಳೆಯದಾಗಿ ಕಾಣುತ್ತದೆ, ಪರವಾಗಿಲ್ಲ. ಅಷ್ಟೇ ಕೊಳೆ 20 ಮೈಕ್ರೋಗ್ರಾಂಗೆ ಸೇರಿದರೆ? 24 ಸಾವಿರಕ್ಕೆ ಇಳಿಯುತ್ತದೆ! ನನ್ನ ಮೊದಲ ಬ್ಯಾಚಿನ ಕಲ್ಲಿದ್ದಲಿಗೆ ಬಂದ ವಯಸ್ಸು 17 ಸಾವಿರ. ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿದ್ದಲಿಗೆ!

ತಪ್ಪು ನನ್ನದೇ. ಟ್ಯೂಬುಗಳನ್ನು ಸುಟ್ಟು ಸ್ವಚ್ಛ ಮಾಡಿ ಎರಡು ವಾರ ಸುಮ್ನೆ ಇಟ್ಟಿದ್ದೆ. ತಾಮ್ರದ ಆಕ್ಸೈಡ್ ಬಾಟಲಿಯನ್ನಂತೂ ದಿನಾ ತೆರೆಯುತ್ತಿದ್ದೆ. ಎರಡನ್ನೂ ಬಳಸುವ ದಿನವೇ ಸುಡತೊಡಗಿದ ಮೇಲೆ ಕೊಳೆ 0.6 ಮೈಕ್ರೋಗ್ರಾಂಗೆ ಬಂತು. ಅದಕ್ಕಿಂತ ಕೆಳಗೆ ಇಳಿಸಲು ನನ್ನಿಂದ ಆಗಲಿಲ್ಲ. ಆಕ್ಸಾಲಿಕ್ ಆಸಿಡ್ ಸ್ಟ್ಯಾಂಡರ್ಡ್ (ಕಾರ್ಬನ್-14 ಎಷ್ಟಿದೆಯೆಂದು ಮೊದಲೇ ಗೊತ್ತಿರುವ, ಹೋಲಿಸಿ ನೋಡುವ ಮಾದರಿ) ಬೇರೆ ಸ್ವಲ್ಪ ಹಳೆಯದಾಗಿ ಬರುತ್ತಿತ್ತು. ಕಬ್ಬಿಣದ ಪುಡಿಯಲ್ಲೇ ಒಂಚೂರು ಸತ್ತ (ಕಾರ್ಬನ್-14 ಇಲ್ಲದ) ಇಂಗಾಲ ಇರುತ್ತದೆ, ಅಲ್ವಾ? ಪುಡಿ ಕಡಿಮೆ ಮಾಡಿದೆ, ಸರಿಹೋಯಿತು.

ಈಗ ನನ್ನ 12 ಟ್ಯೂಬುಗಳಲ್ಲಿ ಮಾದರಿ ಇರುವುದು 4ರಲ್ಲಿ ಮಾತ್ರ. ಮಿಕ್ಕಿದ್ದೆಲ್ಲ ಅದೇ ತೂಕದ ಕಲ್ಲಿದ್ದಲು ಮತ್ತು ಸ್ಟ್ಯಾಂಡರ್ಡ್. ದೊಡ್ಡ ಬ್ಲಾಂಕ್ (ಕೊಳೆ ತಿಳಿಯಲು ಸುಡುವ ಕಲ್ಲಿದ್ದಲು) ಅಳೆದು ಸಣ್ಣ ಮಾದರಿಯಿಂದ ಕಳೆಯುವವರನ್ನು ನೋಡಿದ್ದೇನೆ. ಆ ವಯಸ್ಸನ್ನು ನಾನು ನಂಬುವುದಿಲ್ಲ.

ಅಳತೆಯ ದಿನ ಗ್ರಾಫೈಟಿನಿಂದ ಹೊರಡುವ ಅಯಾನ್ ಪ್ರವಾಹ ಬೇಗ ಕುಸಿಯುತ್ತದೆ, ಎರಡನೇ ಅವಕಾಶ ಇರುವುದಿಲ್ಲ. ಆದರೂ ಏಎಂಎಸ್ (ಆಕ್ಸಿಲರೇಟರ್ ಮಾಸ್ ಸ್ಪೆಕ್ಟ್ರೋಮೆಟ್ರಿ) ಯಂತ್ರ ಪರಮಾಣುಗಳನ್ನೇ ಎಣಿಸುತ್ತದೆ. 20 ಮೈಕ್ರೋಗ್ರಾಂ ಹೊಸ ಇಂಗಾಲದಲ್ಲಿ ಸುಮಾರು 12 ಲಕ್ಷ ಕಾರ್ಬನ್-14 ಪರಮಾಣುಗಳಿರುತ್ತವೆ. ಅವು ಕ್ಷಯಿಸಲಿ ಎಂದು ಕಾದಿದ್ದರೆ ಎರಡೂವರೆ ದಿನಕ್ಕೆ ಒಂದು ಸದ್ದು ಕೇಳುತ್ತಿತ್ತು.

ನನ್ನ ಇದ್ದಿಲಿಗೆ ಮೊದಲು ಬಂದದ್ದು ಸುಮಾರು 6,400 ರೇಡಿಯೋಕಾರ್ಬನ್ ವರ್ಷ. ಕೊಳೆ ಕಳೆದ ಮೇಲೆ 6,700, 180 ವರ್ಷ ಆಚೀಚೆ. ಮಾದರಿ ತಂದಿದ್ದ ಪುರಾತತ್ವಜ್ಞರು, "ಆ 180 ಇನ್ನೂ ಕಮ್ಮಿ ಆಗಲ್ವಾ?" ಎಂದರು. ಇನ್ನೊಂದು ಕಣ ಇದ್ದರೆ ಕೊಡಿ ಅಂದೆ. ಇರಲಿಲ್ಲ.