ಒಂದೇ ಅಲಗಿನ ಹಳೆಯ ರೇಜರ್: ಕೊಳ್ಳುವುದು ಹೇಗೆ, ಬಳಸುವುದು ಹೇಗೆ?

ಜಿಲೆಟ್‌ನ ಎರಡಲಗಿನ ಬ್ಲೇಡು 1903ರಲ್ಲಿ ಮಾರಾಟಕ್ಕೆ ಬರುವುದಕ್ಕೂ ಮುಂಚೆಯೇ, 1880ರಲ್ಲಿ, ನ್ಯೂಯಾರ್ಕ್‌ನ ಕ್ಯಾಂಪ್ಫೆ ಸಹೋದರರು ಒಂದೇ ಅಲಗಿನ ಸೇಫ್ಟಿ ರೇಜರಿಗೆ ಪೇಟೆಂಟ್ ಪಡೆದಿದ್ದರು. ಮುಂದೆ ಬ್ರೂಕ್ಲಿನ್‌ನ ಅಮೆರಿಕನ್ ಸೇಫ್ಟಿ ರೇಜರ್ ಕಂಪನಿಯು ಜೆಮ್, ಎವರ್-ರೆಡಿ ಎಂಬ ಹೆಸರುಗಳಲ್ಲಿ ಈ ಜಾತಿಯ ರೇಜರುಗಳನ್ನು ಲಕ್ಷಗಟ್ಟಲೆ ತಯಾರಿಸಿತು. ಸಂಗ್ರಹಕಾರರು ‘1912’ ಎಂದೇ ಕರೆಯುವ ಮಾದರಿ ಹೊಸಬರಿಗೆ ತಕ್ಕುದು: ಮೇಲಿನ ಮುಚ್ಚಳವನ್ನು ಎತ್ತಿ, ಬ್ಲೇಡು ಇಟ್ಟು, ಮುಚ್ಚಿದರೆ ಆಯಿತು.

ಕೊಳ್ಳುವಾಗ ನಿಕ್ಕಲ್ ಲೇಪದ ಹೊಳಪಿಗೆ ಮರುಳಾಗಬಾರದು. ನಾನು ಮೊದಲು ಕೊಂಡ ರೇಜರ್ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ತಲೆಯ ಮುಂಭಾಗದ ಎರಡು ಮೂಲೆಗಳಲ್ಲಿ ಬ್ಲೇಡನ್ನು ತಡೆದು ನಿಲ್ಲಿಸುವ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ಮೊಳೆಗಳಲ್ಲಿ ಒಂದು ಮುರಿದಿತ್ತು. ಬ್ಲೇಡು ಓರೆಯಾಗಿ ಕುಳಿತು, ಎಡಗೆನ್ನೆ ಅದಕ್ಕೆ ದಂಡ ತೆತ್ತಿತು. ಆದ್ದರಿಂದ ಈ ಎರಡು ಮೂಲೆಗಳ ಸ್ಪಷ್ಟ ಚಿತ್ರವನ್ನು ಮಾರುವವರಿಂದ ಕೇಳಿ ಪಡೆದ ಮೇಲೆಯೇ ಹಣ ಕೊಡಬೇಕು. ಲೇಪ ಅಲ್ಲಲ್ಲಿ ಸವೆದು ಹಿತ್ತಾಳೆ ಕಂಡರೆ ಚಿಂತೆಯಿಲ್ಲ, ಬಿರುಕು ಮಾತ್ರ ಇರಕೂಡದು.

ಕೈಗೆ ಬಂದ ರೇಜರನ್ನು ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನು ಉಜ್ಜಿ, ಒಣಗಿದ ಬಳಿಕ ಸ್ಪಿರಿಟ್‌ನಿಂದ ಒರೆಸಬೇಕು.

ಬ್ಲೇಡಿನ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಎರಡಲಗಿನ ಬ್ಲೇಡು ಸುಮಾರು 0.1 ಮಿ.ಮೀ. ದಪ್ಪವಿದ್ದರೆ, ಈ ರೇಜರುಗಳಿಗೆ ಹಾಕುವ ಜೆಮ್ ಬ್ಲೇಡು ಅದರ ಎರಡು ಪಟ್ಟಿಗಿಂತ ಹೆಚ್ಚು ದಪ್ಪವಿದ್ದು, ಹಿಂಬದಿಯಲ್ಲಿ ಮಡಿಸಿದ ತಗಡಿನ ಬೆನ್ನನ್ನು ಹೊಂದಿರುತ್ತದೆ. ರೇಜರ್ ಅದನ್ನು ಹಿಡಿದು ನಿಲ್ಲಿಸುವುದು ಈ ಬೆನ್ನಿನ ಆಸರೆಯಿಂದಲೇ ಆದ್ದರಿಂದ, ಸಾಮಾನ್ಯ ಬ್ಲೇಡನ್ನು ಮುರಿದು ಸೇರಿಸುವ ಸಾಹಸ ಬೇಡ. ಬಣ್ಣ ಕೆರೆಯಲೆಂದು ಮಾರುವ ಇದೇ ಆಕಾರದ ಬ್ಲೇಡುಗಳೂ ಮುಖಕ್ಕೆ ತಕ್ಕವಲ್ಲ. ಕ್ಷೌರಕ್ಕೆಂದೇ ತಯಾರಾದ, ಲೇಪವುಳ್ಳ ಸ್ಟೇನ್‌ಲೆಸ್ ಬ್ಲೇಡನ್ನೇ ತರಿಸಿಕೊಳ್ಳಬೇಕು.

ಮುಖಕ್ಕೆ ಬಿಸಿನೀರು ಹಾಕಿ, ಬ್ರಷ್ಷಿನಿಂದ ದಟ್ಟವಾದ ನೊರೆ ಹಚ್ಚಿದ ಮೇಲೆ, ರೇಜರಿನ ತಲೆಯ ಚಪ್ಪಟೆ ಮೇಲ್ಭಾಗವನ್ನು ಕೆನ್ನೆಗೆ ಪೂರ್ತಿಯಾಗಿ ತಾಗಿಸಬೇಕು. ಆಗ ಹಿಡಿ ಮುಖದಿಂದ ನೇರವಾಗಿ ಹೊರಚಾಚಿಕೊಂಡಿರುತ್ತದೆ. ಅಲ್ಲಿಂದ ಹಿಡಿಯನ್ನು ಕೂದಲು ಕತ್ತರಿಸುವ ಸದ್ದು ಕೇಳುವವರೆಗೆ ಮಾತ್ರ ತುಸು ಕೆಳಗಿಳಿಸಿ, ರೇಜರಿನ ಭಾರವೇ ಕೆಲಸ ಮಾಡುವಂತೆ, ಒತ್ತದೆ, ಕೂದಲು ಬೆಳೆದ ದಿಕ್ಕಿನಲ್ಲಿ ಗಿಡ್ಡಗಿಡ್ಡ ಎಳೆತಗಳಲ್ಲಿ ಸಾಗಬೇಕು. ಎರಡಲಗಿನ ರೇಜರ್ ಬಳಸಿದವರ ಕೈ ಅಭ್ಯಾಸಬಲದಿಂದ ಹಿಡಿಯನ್ನು ಇನ್ನೂ ಕೆಳಗೆ ಬಾಗಿಸುತ್ತದೆ. ಉರಿ, ಕೆರೆತಗಳಿಗೆ ಹೆಚ್ಚಾಗಿ ಅದೇ ಕಾರಣ. ಗದ್ದ ಮತ್ತು ಮೇಲ್ತುಟಿಯನ್ನು ಮೊದಲ ವಾರ ಈವರೆಗೆ ಬಳಸುತ್ತಿದ್ದ ರೇಜರಿಗೇ ಬಿಟ್ಟುಕೊಟ್ಟರೂ ನಾಚಿಕೆಪಡಬೇಕಿಲ್ಲ.

ಕ್ಷೌರ ಮುಗಿದ ಕೂಡಲೇ ಮುಚ್ಚಳ ತೆರೆದು, ಬ್ಲೇಡು ಹೊರತೆಗೆದು, ಎರಡನ್ನೂ ತೊಳೆದು ಬೇರೆ ಬೇರೆಯಾಗಿ ಒಣಗಲು ಇಡಬೇಕು.