ನಮ್ಮ ನಾಟಕದಿಂದ ಒಂದು ಇಂಟರ್ವಲ್ ಕಿತ್ತು ಹಾಕಿದ ಕಥೆ

ನಮ್ಮ ಪಾಳೇಗಾರ ಸಾಯುವ ಹೊತ್ತಿಗೆ ಹಾಲ್‌ನಲ್ಲಿ ಟಾರ್ಚ್‌ಗಳು ಹೊತ್ತಿಕೊಂಡವು. ಮೊಬೈಲ್ ಟಾರ್ಚ್. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಸಾಲಾಗಿ ಹದಿನೈದು ಇಪ್ಪತ್ತು. ಸೀಟುಗಳ ನಡುವಿನಿಂದ ಬಾಗಿಲಿನ ಕಡೆ ದೀಪದ ಮೆರವಣಿಗೆ ಹೊರಟ ಹಾಗಿತ್ತು. ನಾನು ಹಿಂದೆ ಲೈಟ್ ಬೋರ್ಡ್ ಪಕ್ಕ ನಿಂತಿದ್ದೆ. ಹೊರಗೆ ಹೋಗುತ್ತಿದ್ದವರೊಬ್ಬರು ನನ್ನ ಮುಖ ನೋಡಿ, ಏನೋ ತಪ್ಪು ಮಾಡಿದವರ ಹಾಗೆ, "ಲಾಸ್ಟ್ ಬಸ್ಸು ಸಾರ್" ಅಂದರು. ಗಡಿಯಾರ ನೋಡಿದೆ. 10:25.

ಪಾಳೇಗಾರನ ಪಾತ್ರ ಮಾಡಿದವರು ಬ್ಯಾಂಕ್ ಕೆಲಸದಿಂದ ರಿಟೈರ್ ಆದವರು. ಗ್ರೀನ್ ರೂಮಿನಲ್ಲಿ ಮೀಸೆ ಕೀಳುತ್ತಾ ಹೇಳಿದರು: "ನಾನು ಸಾಯೋಕೆ ಶುರು ಮಾಡ್ದೆ, ಜನ ಏಳೋಕೆ ಶುರು ಮಾಡಿದ್ರು. ಇನ್ನೂ ಸ್ವಲ್ಪ ಬೇಗ ಸಾಯ್ಬೇಕಿತ್ತೇನೋ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಿರ್ದೇಶಕ ನಾನು.

ನಮ್ಮದು ಬೆಂಗಳೂರಿನ ಒಂದು ಹವ್ಯಾಸಿ ತಂಡ. ಹಗಲೆಲ್ಲ ಆಫೀಸು, ಸಂಜೆ ಏಳರ ಮೇಲೆ ಒಂದು ಸ್ಕೂಲಿನ ಹಾಲ್‌ನಲ್ಲಿ ತಾಲೀಮು. ಎರಡು ವರ್ಷಕ್ಕೊಂದು ಹೊಸ ನಾಟಕ. ಈ ಪಾಳೇಗಾರನ ನಾಟಕ ಬರೆದವರು ನಮ್ಮೆಲ್ಲರಿಗೂ ಮೇಷ್ಟ್ರು. ಮೊದಲ ಶೋಗೆ ಸುಮಾರು 400 ಜನ ಬಂದಿದ್ದರು. ಕೊನೆಗೆ ಚಪ್ಪಾಳೆ ತಟ್ಟಲು ಉಳಿದವರು 150 ಇದ್ದರೆ ಜಾಸ್ತಿ. ಅದರಲ್ಲಿ ಅರ್ಧ ಕಲಾವಿದರ ಮನೆಯವರು.

ಮೊದಲ ಎರಡು ದಿನ ಜನರನ್ನೇ ಬೈದುಕೊಂಡು ಓಡಾಡಿದೆ. ಈಗಿನವರಿಗೆ ತಾಳ್ಮೆ ಇಲ್ಲ, ಎಲ್ಲಾ ರೀಲ್ಸ್ ನೋಡಿ ಕೆಟ್ಟಿದ್ದಾರೆ, ಹೀಗೆ. ಆಮೇಲೆ ಹೆಂಡತಿ ಒಂದು ಮಾತು ಕೇಳಿದಳು. "ಮದುಮಗಳಿಗೆ ನಾವೂ ಹೋಗಿದ್ವಲ್ಲ, ಆವತ್ತು ಯಾರು ಎದ್ದು ಹೋದ್ರು?" ನಿಜ. 2010ರಲ್ಲಿ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ 'ಮಲೆಗಳಲ್ಲಿ ಮದುಮಗಳು' ಮಾಡಿದಾಗ ಅದು ರಾತ್ರಿಯಿಡೀ ನಡೆಯುವ ನಾಟಕ. ಹೆಚ್ಚುಕಡಿಮೆ ಒಂಬತ್ತು ಗಂಟೆ. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲೂ ಆಯಿತು. ಜನ ಶಾಲು ಹೊದ್ದುಕೊಂಡು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ನಡೆದುಕೊಂಡು ಹೋಗಿ ಬೆಳಗಿನವರೆಗೆ ನೋಡಿದರು. ಆದರೆ ಅಲ್ಲಿ ಟಿಕೆಟ್ ತಗೊಳ್ಳುವಾಗಲೇ ಗೊತ್ತಿತ್ತು, ಇದು ರಾತ್ರಿಯಿಡೀ ಅಂತ. ನಮ್ಮ ಕರಪತ್ರದಲ್ಲಿ ಏನಿತ್ತು? "ಸಂಜೆ 6:30ಕ್ಕೆ. ಎಲ್ಲರಿಗೂ ಸ್ವಾಗತ." ಅಷ್ಟೇ. ಎಷ್ಟು ಹೊತ್ತಿಗೆ ಬಿಡುತ್ತೇವೆ ಅನ್ನುವುದು ನಮಗೇ ಗೊತ್ತಿರಲಿಲ್ಲ.

ಪ್ರಾಂಪ್ಟಿಂಗ್ ಮಾಡುವ ಹುಡುಗಿ ಬಿಕಾಂ ಓದುತ್ತಾಳೆ. ಲೆಕ್ಕ ಅಂದರೆ ಅವಳಿಗೆ ಇಷ್ಟ. ಶೋನ ವಿಡಿಯೋ ಇತ್ತು. ಅವಳು ಅದನ್ನು ಹಾಕಿಕೊಂಡು ಕೂತು, ಒಂದು ನೋಟ್‌ಬುಕ್ಕಿನಲ್ಲಿ ಎಲ್ಲದರ ಟೈಮ್ ಬರೆದಳು. ಅತಿಥಿಗಳು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರಿಂದ ಸಭೆ ಶುರುವಾಗಿದ್ದು 6:50ಕ್ಕೆ. ಮೂರನೇ ಬೆಲ್ ಹೊಡೆದು ನಾಟಕ ಶುರುವಾಗಿದ್ದು 7:40ಕ್ಕೆ. ನಾಟಕ ಮುಗಿದಿದ್ದು 10:35ಕ್ಕೆ. "ಹತ್ತು ನಿಮಿಷದ ವಿರಾಮ" ಅಂತ ಹೇಳಿದ್ದು 22 ನಿಮಿಷ ಆಗಿತ್ತು. "ಐದೇ ಐದು ನಿಮಿಷ" ಅಂದ ಎರಡನೇ ಇಂಟರ್ವಲ್ 18 ನಿಮಿಷ. ಸೀನುಗಳ ನಡುವೆ 16 ಬ್ಲ್ಯಾಕೌಟ್. ಒಂದೊಂದೂ ಸರಾಸರಿ 50 ಸೆಕೆಂಡು. ಅಂದರೆ 13 ನಿಮಿಷ ನಾವು ಜನರನ್ನು ಕತ್ತಲೆಯಲ್ಲಿ ಕೂರಿಸಿ ಮರ ಎಳೆದಾಡುವ ಸದ್ದು ಕೇಳಿಸಿದ್ದೆವು. ಇದನ್ನೆಲ್ಲ ಕಳೆದರೆ ನಟರು ನಟಿಸಿದ್ದು 122 ನಿಮಿಷ. ಜನ 6:30ರಿಂದ ನಮಗಾಗಿ ಕೂತಿದ್ದು 245 ನಿಮಿಷ.

ಅರ್ಧಕ್ಕರ್ಧ! ಹುಡುಗಿ ಆ ಪುಟವನ್ನು ನನ್ನ ಮುಂದೆ ಹಿಡಿದು ಏನೂ ಹೇಳದೆ ನಿಂತಿದ್ದಳು. ನಾನು ಅಲ್ಲಿಯವರೆಗೆ ನಾಟಕ ಉದ್ದ ಆಯಿತು ಅಂದುಕೊಂಡಿದ್ದೆ. ಉದ್ದ ಆಗಿದ್ದು ನಾಟಕದ ಸುತ್ತ ಇದ್ದದ್ದು.

ಹಾಗಂತ ನಾಟಕದಲ್ಲಿ ಬೊಜ್ಜು ಇರಲಿಲ್ಲ ಅಂತಲ್ಲ. ಸ್ಕ್ರಿಪ್ಟ್ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಹೆದರಿಕೆ ಇತ್ತು. ಅವರ ಒಂದು ಮಾತು ತೆಗೆದರೂ ಬೆರಳು ಕತ್ತರಿಸಿದ ಹಾಗೆ ನೋಡುತ್ತಾರೆ. ಅದಕ್ಕೆ ಬೇರೇನೂ ವಾದ ಮಾಡಲಿಲ್ಲ. ಒಂದು ಪುಟ ಗಟ್ಟಿಯಾಗಿ ಓದಿದೆ.

ದೂತ: ಬುದ್ಧಿ, ಕೋಟೆಯ ಹಿಂಬಾಗಿಲು ಮುರಿದುಬಿತ್ತು.
ದಿವಾನ: ಏನು! ಹಿಂಬಾಗಿಲು ಮುರಿದುಬಿತ್ತೇ?
ದೂತ: ಹೌದು ಬುದ್ಧಿ, ಮುರಿದುಬಿತ್ತು.
ದಿವಾನ: ಅಯ್ಯೋ, ಹಿಂಬಾಗಿಲೇ ಮುರಿದ ಮೇಲೆ ಇನ್ನೇನುಳಿಯಿತು?

ಮುಂದಿನ ಸೀನಿನಲ್ಲಿ ದಿವಾನ ಇದನ್ನೇ ರಾಣಿಗೆ ಹೇಳುತ್ತಾನೆ. ಅದರ ಮುಂದಿನ ಸೀನಿನಲ್ಲಿ ರಾಣಿ ಪಾಳೇಗಾರನಿಗೆ ಹೇಳುತ್ತಾಳೆ. "ಮೇಷ್ಟ್ರೇ, ಬಾಗಿಲು ಮುರಿದದ್ದು ಒಂದು ಸಲ. ನಾವು ಒಂಬತ್ತು ಸಲ ಮುರೀತಾ ಇದೀವಿ" ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು. ತುಂಬಾ ಹೊತ್ತು ಒರೆಸಿದರು. ಆಮೇಲೆ, "ದೂತ ಬಂದು ನಿಂತ್ಕೊಳ್ಳಲಿ. ಮಾತೇ ಬೇಡ. ಕೈಲಿ ಮುರಿದ ಅಗುಳಿ ಇರಲಿ. ರಾಣಿ ನೋಡಲಿ, ಸಾಕು" ಅಂದರು. ಮೂರು ಸೀನು ಒಂದಾಯಿತು. ಏಳು ನಿಮಿಷ ಉಳಿಯಿತು. ಇಡೀ ನಾಟಕದಲ್ಲಿ ಈಗ ಜನ ಉಸಿರು ಬಿಗಿಹಿಡಿದು ನೋಡುವುದು ಆ ಅಗುಳಿಯನ್ನೇ.

ಹಾಸ್ಯದ ಪಾತ್ರದವನದು ಬೇರೆ ಕಥೆ. ತಾಲೀಮಿನಲ್ಲಿ ಅವನ ಸೀನು ಆರು ನಿಮಿಷ. ಶೋ ದಿನ ಜನ ನಕ್ಕರು ನೋಡಿ, ಹನ್ನೊಂದು ನಿಮಿಷ ಎಳೆದ. ನಕ್ಕ ಜನರ ಮುಂದೆ ಸ್ಟೇಜ್ ಬಿಟ್ಟು ಬರುವುದು ಕಷ್ಟ, ಒಪ್ಪುತ್ತೇನೆ. ಆದರೂ ಆರಕ್ಕೇ ತಂದು ನಿಲ್ಲಿಸಿದೆ. ಒಂದು ವಾರ ಮಾತು ಬಿಟ್ಟಿದ್ದ.

ಆಮೇಲೆ ಸಿಂಹಾಸನ. ಅದನ್ನು ಹೇಳಲೇಬೇಕು. ಒಳ್ಳೆ ಮರದಲ್ಲಿ ಮಾಡಿಸಿದ್ದು, ಹಿಡಿಕೆಗೆ ಎರಡು ಆನೆ ಸೊಂಡಿಲು. ನಾಲ್ಕು ಹುಡುಗರು ಹೊತ್ತು ತರಬೇಕು. ತರಲು ಒಂದೂಮುಕ್ಕಾಲು ನಿಮಿಷ, ತೆಗೆಯಲು ಅಷ್ಟೇ. ಅದರ ಮೇಲೆ ಪಾಳೇಗಾರ ಕೂರುತ್ತಿದ್ದದ್ದು ಒಟ್ಟು ಆರು ನಿಮಿಷ. ಈಗ ಅದು ನಮ್ಮ ತಾಲೀಮಿನ ಹಾಲ್‌ನಲ್ಲಿದೆ, ಅದರ ಮೇಲೆ ಹೆಲ್ಮೆಟ್ ಇಡುತ್ತೇವೆ. ಸ್ಟೇಜ್ ಮೇಲೆ ಒಂದು ಮರದ ಬ್ಲಾಕು, ಮೇಲೊಂದು ಕೆಂಪು ಬಟ್ಟೆ. ಯಾರೂ ಕೇಳಲಿಲ್ಲ ಸಿಂಹಾಸನ ಎಲ್ಲಿ ಅಂತ.

ಬ್ಲ್ಯಾಕೌಟ್ ಸಮಸ್ಯೆ ಬಗೆಹರಿಸಿದ್ದು ನಾನಲ್ಲ, ನಮ್ಮ ಮೇಕಪ್ ಮಾಡುವ ಯಜಮಾನರು. ವಯಸ್ಸಿನಲ್ಲಿ ಕಂಪನಿ ನಾಟಕದಲ್ಲಿದ್ದವರು. ನಾನು ಲೈಟಿನವನ ಜೊತೆ ತಲೆ ಕೆಡಿಸಿಕೊಂಡಿದ್ದಾಗ ಪೌಡರ್ ಡಬ್ಬಿ ಮುಚ್ಚುತ್ತಾ ಕೇಳಿದರು: "ಕತ್ಲೆ ಯಾಕೆ ಮಾಡ್ತೀರಾ ಸಾಮಿ? ನಮ್ ಕಂಪ್ನೀಲಿ ಕತ್ಲೆ ಮಾಡಿದ್ರೆ ಜನ ಶಿಳ್ಳೆ ಹೊಡೀತಿದ್ರು. ಮುಂದ್ಗಡೆ ಪರದೆ ಬಿಟ್ಟು, ಅದರ ಮುಂದೆ ಇಬ್ಬರನ್ನ ಬಿಡ್ತಿದ್ವಿ. ಅವರು ಜಗಳ ಆಡಿ ಮುಗಿಸೋ ಹೊತ್ತಿಗೆ ಹಿಂದೆ ಅರಮನೆ ಎದ್ದಿರೋದು."

ನಾನು ಹಣೆ ಚಚ್ಚಿಕೊಂಡೆ. ಇದನ್ನು ಓದಿದ್ದೆ, ನೋಡಿದ್ದೆ, ಜಾತ್ರೆಗಳಲ್ಲಿ ಈಗಲೂ ನೋಡುತ್ತೇನೆ. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ನಮ್ಮ ವೃತ್ತಿ ರಂಗಭೂಮಿಯವರು ಅಷ್ಟು ದೊಡ್ಡ ಸೀನರಿ ಇಟ್ಟುಕೊಂಡೂ ಜನರನ್ನು ಸುಮ್ನೆ ಕಾಯಿಸಲಿಲ್ಲ. ಹವ್ಯಾಸಿಗಳಾದ ನಾವು "ಹಾಸ್ಯ ತುರುಕುವುದು ಕೀಳು ಅಭಿರುಚಿ" ಅಂತ ಆ ಪರದೆಯ ಮುಂದಿನ ಸೀನನ್ನು ಬಿಟ್ಟೆವು. ಬಿಟ್ಟ ಜಾಗದಲ್ಲಿ ಕತ್ತಲೆ ಇಟ್ಟೆವು.

ನಮ್ಮ ನಾಟಕದಲ್ಲಿ ಕೋಟೆ ಕಾವಲುಗಾರ ಮತ್ತು ನೀರು ಹೊರುವ ಹೆಂಗಸಿನ ಒಂದು ಉದ್ದದ ಸೀನಿತ್ತು. ಅದನ್ನು ಒಡೆದು ಐದು ತುಂಡು ಮಾಡಿದೆವು. ಮುಂದೆ ಅವರಿಬ್ಬರ ಮೇಲೆ ಲೈಟು, ಹಿಂದೆ ಮಬ್ಬಿನಲ್ಲಿ ಹುಡುಗರು ಬ್ಲಾಕು ಸರಿಸುತ್ತಾರೆ. ಆ ಹುಡುಗರಿಗೂ ಸೈನಿಕರ ಬಟ್ಟೆ ಹಾಕಿಸಿದೆವು. ಕೋಟೆಯೊಳಗೆ ಏನೋ ಸಾಗಿಸುತ್ತಿದ್ದಾರೆ ಅನ್ನಿಸುತ್ತದೆ. 16 ಬ್ಲ್ಯಾಕೌಟ್ ನಾಲ್ಕಾಯಿತು. ನಾಲ್ಕೂ ಸೇರಿ ಒಂದು ನಿಮಿಷ.

ಇನ್ನು ಇಂಟರ್ವಲ್. ಎರಡನೇ ಇಂಟರ್ವಲ್ ಯಾಕಿತ್ತು ಅಂದರೆ, ಕಾಡಿನ ಸೆಟ್ ಹಾಕಬೇಕಿತ್ತು, ರಾಣಿ ಸೀರೆ ಬದಲಿಸಬೇಕಿತ್ತು, ಜೊತೆಗೆ ಪ್ರಾಯೋಜಕರಿಗೆ ಸನ್ಮಾನ ಮಾಡಬೇಕಿತ್ತು. ಮೂರೂ ನಮ್ಮ ಅನುಕೂಲ. ನೋಡುವವರಿಗೆ ಅದರಿಂದ ಏನೂ ಇಲ್ಲ. ಅರ್ಧ ಗಂಟೆ ಹಿಂದೆ ತಾನೇ ಕಾಫಿ ಕುಡಿದು ಬಂದು ಕೂತವರು, ಕಥೆ ಈಗ ಹತ್ತಿಕೊಂಡಿತು ಅನ್ನುವಾಗ ಮತ್ತೆ ದೀಪ ಹಾಕಿ ಎಬ್ಬಿಸಿದರೆ? ವಿಡಿಯೋದಲ್ಲಿ ನೋಡಿದರೆ ಎದ್ದವರಲ್ಲಿ ಸುಮಾರು ಜನ ಬ್ಯಾಗ್ ಹಿಡಿದುಕೊಂಡೇ ಎದ್ದಿದ್ದಾರೆ. ಅದು ಕಿತ್ತು ಹೋಯಿತು.

ಮೊದಲನೆಯದನ್ನೂ ತೆಗೆದುಬಿಡೋಣ ಅಂತ ಹುಮ್ಮಸ್ಸಿನಲ್ಲಿ ಹೊರಟೆ. ಮೇಷ್ಟ್ರೇ ತಡೆದರು. "ನನಗೆ ಷುಗರ್ ಇದೆಯಪ್ಪಾ. ಒಂದೂಮುಕ್ಕಾಲು ಗಂಟೆ ನಿನ್ನ ಪಾಳೇಗಾರನ್ನ ನೋಡ್ಲೋ, ನನ್ನ ಕಷ್ಟ ನೋಡ್ಕೊಳ್ಲೋ?" ನಮ್ಮ ನಾಟಕಕ್ಕೆ ಬರುವವರಲ್ಲಿ ಅರ್ಧ ಜನ ಐವತ್ತು ದಾಟಿದವರು. ಸರಿ, ಒಂದು ಇರಲಿ ಅಂತಾಯಿತು. ಆದರೆ ಹತ್ತು ನಿಮಿಷದ ಇಂಟರ್ವಲ್ ಯಾಕೆ ಯಾವತ್ತೂ ಹತ್ತು ನಿಮಿಷ ಆಗುವುದಿಲ್ಲ? ಮತ್ತೆ ಹುಡುಗಿಯ ನೋಟ್‌ಬುಕ್. ಹೆಂಗಸರು 150 ಜನ ಅಂದುಕೊಳ್ಳಿ. ಅರ್ಧ ಜನ ಟಾಯ್ಲೆಟ್‌ಗೆ ಹೋದರೂ 75. ಇರುವುದು ನಾಲ್ಕು. ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ಹಿಡಿದರೆ 28 ನಿಮಿಷ. "ಹತ್ತು ನಿಮಿಷ" ಅಂತ ಮೈಕಿನಲ್ಲಿ ಹೇಳುವಾಗಲೇ ಅದು ಸುಳ್ಳು. ನಾವು ಗ್ರೀನ್ ರೂಮಿನ ಎರಡು ಟಾಯ್ಲೆಟ್‌ಗಳನ್ನೂ ಹೆಂಗಸರಿಗೆ ಬಿಟ್ಟುಕೊಟ್ಟೆವು. ದಾರಿ ತೋರಿಸಲು ಇಬ್ಬರನ್ನು ನಿಲ್ಲಿಸಿದೆವು. ಇಂಟರ್ವಲ್ 15 ನಿಮಿಷ ಅಂತಲೇ ಹೇಳಿದೆವು. ಕಾಫಿಯನ್ನು ಮೊದಲೇ ಲೋಟಕ್ಕೆ ಹಾಕಿಸಿ ಇಡಿಸಿದೆವು, ಚಿಲ್ಲರೆ ತಂಟೆ ಬೇಡ ಅಂತ ಫ್ರೀ.

ಇಂಟರ್ವಲ್ ಎಲ್ಲಿ ಬರಬೇಕು ಅನ್ನುವುದನ್ನೂ ಬದಲಿಸಿದೆ. ಮೊದಲು ಸೆಟ್ಟಿನವರು ಕೇಳಿದ ಜಾಗದಲ್ಲಿತ್ತು. ಈಗ ರಾಣಿ ಬೀಗದ ಕೈ ಗೊಂಚಲನ್ನು ಬಾವಿಗೆ ಎಸೆಯುವ ಕಡೆ. ನೀರಿಗೆ ಬಿದ್ದ ಸದ್ದು, ದೀಪ. ಜನ ಕ್ಯೂನಲ್ಲಿ ನಿಂತು ಅದನ್ನೇ ಮಾತಾಡುತ್ತಿದ್ದರು.

ಸನ್ಮಾನದ ವಿಷಯಕ್ಕೆ ಕಾರ್ಯಕ್ರಮ ನಡೆಸುವ ಸಂಘದವರ ಜೊತೆ ಸ್ವಲ್ಪ ಜಟಾಪಟಿ ಆಯಿತು. ಖಜಾಂಚಿಗಳು ಒಳ್ಳೆಯ ಮನುಷ್ಯ. "ಸಾರ್, ದುಡ್ಡು ಕೊಟ್ಟಿರ್ತಾರೆ. ಸ್ಟೇಜ್ ಮೇಲೆ ಒಂದು ಶಾಲು, ಒಂದು ಪೇಟ ಬೇಡ್ವಾ?" ಬೇಕು, ಆದರೆ ನಾಟಕ ಮುಗಿದ ಮೇಲೆ ಅಂದೆ. ಕಲಾವಿದರೆಲ್ಲ ಸಾಲಾಗಿ ನಿಂತು ನಮಸ್ಕಾರ ಮಾಡುವಾಗ ಅವರನ್ನೂ ಕರೆಯೋಣ, ಪಾಳೇಗಾರನೇ ಶಾಲು ಹೊದಿಸಲಿ. ಭಾಷಣ ಬೇಡ. ಅವರಿಗೆ ನಂಬಿಕೆ ಬರಲಿಲ್ಲ, ಆದರೂ ಒಪ್ಪಿದರು. ಕಿರೀಟ ಇಟ್ಟುಕೊಂಡ ಪಾಳೇಗಾರನ ಕೈಯಿಂದ ಪೇಟ ಹಾಕಿಸಿಕೊಂಡ ಆ ಪ್ರಾಯೋಜಕರು ಆ ಫೋಟೋವನ್ನು ಇನ್ನೂ ವಾಟ್ಸಾಪ್ ಡಿಪಿ ಇಟ್ಟುಕೊಂಡಿದ್ದಾರೆ. ಅವರಿಗೆ ಇಡೀ ಹಾಲಿನ ಚಪ್ಪಾಳೆ ಸಿಕ್ಕಿತು. ಹಳೆಯ ಲೆಕ್ಕದಲ್ಲಾಗಿದ್ದರೆ ಕ್ಯಾಂಟೀನಿಗೆ ಹೋಗದೆ ಕೂತಿದ್ದ ಮೂವತ್ತು ಜನರದ್ದು ಸಿಗುತ್ತಿತ್ತು.

ಎರಡನೇ ಶೋನ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದೆವು: "ಸಂಜೆ 7ಕ್ಕೆ ಶುರು. 9:05ಕ್ಕೆ ಮುಕ್ತಾಯ. ಒಂದೇ ವಿರಾಮ." ಜೆ.ಪಿ. ನಗರದ ರಂಗಶಂಕರ ನಾಟಕಮಂದಿರದಲ್ಲಿ ಬಾಗಿಲು ಟೈಮಿಗೆ ಸರಿಯಾಗಿ ಹಾಕಿಕೊಳ್ಳುತ್ತದೆ, ತಡವಾಗಿ ಬಂದವರು ಹೊರಗೆ. 2004ರಲ್ಲಿ ಅದು ಶುರುವಾದಾಗ ಜನ ಗೊಣಗಿದರು, ಆಮೇಲೆ ಬೇಗ ಬರುವುದನ್ನು ಕಲಿತರು. ನಾವು ಮುಗಿಯುವ ಟೈಮನ್ನೂ ಬರೆದುಕೊಟ್ಟೆವು. ಬರೆದ ಮೇಲೆ ಹೆದರಿಕೆ ನಮಗೇ. ಮೂರನೇ ಬೆಲ್ 7:04ಕ್ಕೆ ಹೊಡೆಯಿತು. ಮೊದಲರ್ಧ 58 ನಿಮಿಷ. ಇಂಟರ್ವಲ್ 17. ಎರಡನೇ ಅರ್ಧ 44. ಪಾಳೇಗಾರ 9 ಗಂಟೆಗೆ ಸತ್ತ. ಒಂದು ಟಾರ್ಚೂ ಹೊತ್ತಲಿಲ್ಲ.

ಎಲ್ಲಾ ಸರಿಹೋಯಿತು ಅಂತಲ್ಲ. ಹೊರಗೆ ಒಬ್ಬರು ಅಮ್ಮ ನನ್ನನ್ನು ಹುಡುಕಿಕೊಂಡು ಬಂದರು. ಮೊದಲ ಶೋವನ್ನೂ ನೋಡಿದ್ದರಂತೆ. "ಕಾಡಿನಲ್ಲಿ ರಾಣಿ ಒಂದು ಹಾಡು ಹೇಳ್ತಿದ್ದಳಲ್ಲ, ಅದು ಯಾಕಪ್ಪಾ ತೆಗೆದ್ರಿ? ಅದಕ್ಕೋಸ್ಕರ ಮಗಳನ್ನ ಕರ್ಕೊಂಡು ಬಂದಿದ್ದೆ." ನಾಲ್ಕು ನಿಮಿಷದ ಹಾಡು. ಕಥೆ ಮುಂದೆ ಹೋಗುವುದಿಲ್ಲ ಅಂತ ಗೀಟು ಹಾಕಿದ್ದೆ. ಏನು ಹೇಳಬೇಕೋ ಗೊತ್ತಾಗಲಿಲ್ಲ. ಕತ್ತರಿ ಕೈಯಲ್ಲಿದ್ದಾಗ ಎಲ್ಲವೂ ಜಾಸ್ತಿ ಅನ್ನಿಸುತ್ತದೆ. ಮೂರನೇ ಶೋಗೆ ಹಾಡು ವಾಪಸ್ ಬಂತು, ಕರಪತ್ರದಲ್ಲಿ 9:10 ಆಯಿತು.

ನಾಲ್ಕನೇ ಶೋ ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ, ಹಬ್ಬಕ್ಕೆ. ಕತ್ತಲಾಗುವ ಮೊದಲೇ ಜನ ಚಾಪೆ, ಕಂಬಳಿ, ಮಕ್ಕಳು, ಎಲೆಅಡಿಕೆ ಚೀಲ ಎಲ್ಲಾ ಹೊತ್ತು ಬಂದು ಜಾಗ ಹಿಡಿದಿದ್ದರು. ನಾವು ಊಟ ಆದ ಮೇಲೆ ಶುರು ಮಾಡಿ, ಹೆಮ್ಮೆಯಿಂದ ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಸಿದೆವು. ಎಲ್ಲರೂ ಸಾಲಾಗಿ ನಿಂತು ನಮಸ್ಕಾರ ಮಾಡಿದೆವು. ಚಪ್ಪಾಳೆ ಜೋರಾಗಿಯೇ ಬಂತು. ಆದರೆ ಯಾರೂ ಏಳಲಿಲ್ಲ. ಮುಂದಿನ ಸಾಲಿನ ಒಬ್ಬ ತಾತ ಕಂಬಳಿಯಿಂದ ಕೈ ಹೊರಗೆ ಹಾಕಿ ಕೇಳಿದರು.

"ಇಷ್ಟೇಯಾ ಸಾಮಿ? ಮುಂದ್ಲು ಕತೆ ಯಾವಾಗ?"

ಮೇಕಪ್ ಯಜಮಾನರು ಸೈಡ್ ವಿಂಗ್‌ನಿಂದ ನನ್ನ ಕಡೆ ನೋಡಿ ನಕ್ಕರು. ಹಾರ್ಮೋನಿಯಂನವರನ್ನು ಮತ್ತೆ ಕೂರಿಸಿದೆವು. ರಾಣಿ ಕಾಡಿನ ಹಾಡನ್ನು ಎರಡು ಸಲ ಹೇಳಿದಳು. ಹಾಸ್ಯದವನು ನನ್ನ ಅಪ್ಪಣೆಗೆ ಕಾಯದೆ ಸ್ಟೇಜಿಗೆ ಹಾರಿದ. ಅವನ ಆರು ನಿಮಿಷದ ಸೀನು ಆವತ್ತು 22 ನಿಮಿಷ ನಡೆಯಿತು.