ಬೈಕಿನ ಶಾಕ್ ಅಬ್ಸಾರ್ಬರ್ ನಿಮ್ಮ ತೂಕಕ್ಕೆ ಹೊಂದಿದೆಯೇ?

ಉಬ್ಬು ದಾಟಿದಾಗಲೆಲ್ಲ ಸೊಂಟ ಹಿಡಿದುಕೊಳ್ಳುವವರು ರಸ್ತೆಯನ್ನು ಬೈಯುತ್ತಾರೆ, ಸೀಟಿಗೆ ಸ್ಪಂಜು ಹಾಕಿಸುತ್ತಾರೆ. ಹಿಂದಿನ ಶಾಕ್ ಅಬ್ಸಾರ್ಬರ್ ಕಡೆಗೆ ಮಾತ್ರ ನೋಡುವುದಿಲ್ಲ. ಸ್ಪ್ಲೆಂಡರ್‌ನಂಥ ದಿನಬಳಕೆಯ ಬೈಕುಗಳಲ್ಲಿ ಸ್ಪ್ರಿಂಗಿನ ಒಂದು ತುದಿಗೆ ಮೆಟ್ಟಿಲು ಕೊರೆದ ಉಂಗುರವಿರುತ್ತದೆ. ಸಾಮಾನ್ಯವಾಗಿ ಐದು ಮೆಟ್ಟಿಲು. ಇದನ್ನು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಸ್ಪ್ರಿಂಗ್ ಅದೇ, ಅದರ ಬಿಗುವೂ ಅದೇ. ಉಂಗುರ ಅದನ್ನು ಮೊದಲೇ ಸ್ವಲ್ಪ ಅದುಮಿಡುತ್ತದೆ, ಆದ್ದರಿಂದ ಭಾರ ಬಿದ್ದಾಗ ಬೈಕು ಕಡಿಮೆ ಕುಗ್ಗುತ್ತದೆ. ಎಷ್ಟು ಕುಗ್ಗಬೇಕು ಎಂಬುದೇ ಇಲ್ಲಿನ ಮುಖ್ಯ ಲೆಕ್ಕ.

ಉಂಗುರ ಮುಟ್ಟುವ ಮೊದಲು ಟೈರಿನ ಗಾಳಿ ನೋಡಿ. ಬೆಳಿಗ್ಗೆ, ಬೈಕು ಓಡಿಸುವ ಮುನ್ನ, ಟೈರ್ ತಣ್ಣಗಿರುವಾಗ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಗಾಳಿ ಹೆಚ್ಚಾಗಿ ಕುಲುಕುವ ಬೈಕಿಗೆ ಶಾಕ್ ಸರಿಮಾಡಲು ಹೊರಟರೆ ದಿನವಿಡೀ ಕೆಲಸ ಮಾಡಿದರೂ ಫಲವಿಲ್ಲ.

ಇನ್ನು ಅಳತೆ. ಬೈಕನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹಿಂದಿನ ಚಕ್ರ ನೆಲ ಬಿಟ್ಟಿರಬೇಕು. ಆ ಚಕ್ರದ ಅಚ್ಚಿನ ನೇರ ಮೇಲೆ, ಸೀಟಿನ ಕೆಳಗೆ, ಒಂದು ಗುರುತು ಅಂಟಿಸಿ ಅಚ್ಚಿನಿಂದ ಅಲ್ಲಿಯವರೆಗಿನ ದೂರ ಬರೆದುಕೊಳ್ಳಿ. ಸ್ಟ್ಯಾಂಡ್ ಇಳಿಸಿ, ನಿತ್ಯ ಕೂರುವಂತೆಯೇ ಹೆಲ್ಮೆಟ್, ಚೀಲ ಸಮೇತ ಕುಳಿತುಕೊಳ್ಳಿ. ಒಂದೆರಡು ಸಲ ಮೈಭಾರ ಹಾಕಿ ಅದುಮಿ, ಬೈಕು ನೆಟ್ಟಗೆ ನಿಂತ ಮೇಲೆ ಮನೆಯವರೊಬ್ಬರು ಮತ್ತೆ ಅಳೆಯಲಿ. ಮೊದಲು 580 ಮಿ.ಮೀ. ಇದ್ದದ್ದು 552 ಆದರೆ, ಬೈಕು 28 ಮಿ.ಮೀ. ಕುಗ್ಗಿದೆ ಎಂದರ್ಥ. ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರದ ಸುಮಾರು ಶೇ 30ರಷ್ಟು ಕುಗ್ಗಿದರೆ ಒಳ್ಳೆಯದು. ಆ ದೂರ 100 ಮಿ.ಮೀ. ಇದ್ದರೆ 30ರ ಆಸುಪಾಸು.

ತೀರಾ ಕಡಿಮೆ ಕುಗ್ಗಿದರೆ ಗುಂಡಿ ಬಂದಾಗ ಚಕ್ರ ಕೆಳಗಿಳಿಯಲು ಜಾಗವಿರುವುದಿಲ್ಲ, ನೀವು ಸೀಟಿನಿಂದ ಎಗರುತ್ತೀರಿ. ತೀರಾ ಹೆಚ್ಚಾದರೆ ಶಾಕ್ ತಳ ಮುಟ್ಟಿ ಏಟು ನೇರ ಬೆನ್ನುಮೂಳೆಗೆ. ಈ ಎರಡನೆಯದನ್ನು ಮೆತ್ತಗಿದೆ ಎಂದು ತಪ್ಪು ತಿಳಿಯುವವರೇ ಹೆಚ್ಚು, ಅದಕ್ಕಾಗಿಯೇ ಟೇಪು ಬೇಕು.

ಮತ್ತೆ ಡಬಲ್ ಸ್ಟ್ಯಾಂಡ್ ಹಾಕಿ, ಉಂಗುರದ ಮಣ್ಣು ಒರೆಸಿ, ಟೂಲ್ ಕಿಟ್‌ನಲ್ಲಿರುವ ಕೊಕ್ಕೆಯಂಥ ಸ್ಪ್ಯಾನರಿನಿಂದ ಒಂದೇ ಮೆಟ್ಟಿಲು ತಿರುಗಿಸಿ: ಹೆಚ್ಚು ಕುಗ್ಗಿದ್ದರೆ ಸ್ಪ್ರಿಂಗ್ ಇನ್ನಷ್ಟು ಅದುಮುವ ಕಡೆಗೆ, ಕಡಿಮೆ ಕುಗ್ಗಿದ್ದರೆ ಸಡಿಲವಾಗುವ ಕಡೆಗೆ. ಎಡಬಲ ಎರಡೂ ಶಾಕ್‌ಗಳು ಒಂದೇ ಮೆಟ್ಟಿಲಿನಲ್ಲಿರಲೇಬೇಕು. ಮತ್ತೆ ಅಳೆದು, ದಿನವೂ ಓಡಾಡುವ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ.

ಸೀಟನ್ನು ಜೋರಾಗಿ ಅದುಮಿ ಬಿಟ್ಟಾಗ ಬೈಕು ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಒಳಗಿನ ಎಣ್ಣೆಯ ಕೆಲಸ ಮುಗಿದಿದೆ. ಉಂಗುರ ಎಷ್ಟು ತಿರುಗಿಸಿದರೂ ಅದು ಸರಿಹೋಗದು, ಶಾಕ್ ಬದಲಿಸಿ. ಗ್ಯಾಸ್ ತುಂಬಿದ ಶಾಕ್ ಬಿಚ್ಚುವ ಸಾಹಸ ಬೇಡವೇ ಬೇಡ, ಒಳಗಿನ ಒತ್ತಡ ಅಪಾಯಕಾರಿ.

ಮುಂದಿನ ಫೋರ್ಕ್‌ಗೆ, ಅಂದರೆ ಮುಂಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳಿಗೆ, ಇಂಥ ಬೈಕುಗಳಲ್ಲಿ ಹೊಂದಾಣಿಕೆ ಇಲ್ಲ. ಕೈಪಿಡಿಯ ಅವಧಿಗೆ ಫೋರ್ಕ್ ಆಯಿಲ್ ಬದಲಿಸಿದರೆ ಸಾಕು. ಕೊಳವೆಯ ಮೇಲೆ ಎಣ್ಣೆಯ ಪಸೆ ಕಂಡರೆ ಸೀಲ್ ಹೋಗಿದೆ. ಅದು ಬ್ರೇಕಿಗೆ ಇಳಿಯುವ ಮೊದಲೇ ಮೆಕ್ಯಾನಿಕ್ ಬಳಿ ಹೋಗಿ.

ಹಿಂದೆ ಒಬ್ಬರನ್ನು ಕೂರಿಸಿಕೊಂಡು ಊರಿಗೆ ಹೊರಡುವ ದಿನ ಉಂಗುರವನ್ನು ಒಂದೆರಡು ಮೆಟ್ಟಿಲು ಏರಿಸಿ, ಮರಳಿ ಬಂದ ಮೇಲೆ ಇಳಿಸಿ. ಏರಿಸದೆ ಹೊರಟರೆ ಬಾಲ ಕುಸಿದು ಹೆಡ್‌ಲೈಟ್ ಮೇಲಕ್ಕೆತ್ತುತ್ತದೆ, ರಾತ್ರಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ.